ಟಾಪು ತೆಗೆದರೆ ಬಾಗಿಲೇಕೆ ಮುಚ್ಚದು?

ಅಮೆರಿಕದ ಮಿಷಿಗನ್‌ನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವರ್ಷ ಒಂದು ಹಳೆಯ ಕಾರು ಕೊಂಡ. 1966ರ ಫೋರ್ಡ್ ಮಸ್ಟಾಂಗ್, ಉಕ್ಕಿನ ಟಾಪಿನದು. ಮರ ಬಿದ್ದು ಟಾಪು ಜಜ್ಜಿಹೋಗಿದ್ದರಿಂದ ಅಗ್ಗಕ್ಕೆ ಸಿಕ್ಕಿತ್ತು. ಫೋನ್ ಮಾಡಿ, "ಸಾರ್, ಟಾಪು ಹೇಗೂ ಹಾಳಾಗಿದೆ. ಕತ್ತರಿಸಿ ತೆಗೆದು ಮಡಚುವ ಬಟ್ಟೆಯ ಟಾಪು ಹಾಕಿದರೆ ಹೇಗೆ?" ಎಂದು ಕೇಳಿದ. "ಅದಕ್ಕೇನಂತೆ, ಹಾಕು. ಭಾರವೂ ಕಡಿಮೆಯಾಗುತ್ತದೆ" ಎಂದುಬಿಟ್ಟೆ.

ಎರಡು ವಾರದ ನಂತರ ಮತ್ತೆ ಫೋನ್ ಬಂತು. "ಸಾರ್, ಟಾಪು ತೆಗೆದೆ. ಬಾಗಿಲು ತೆರೆದೆ. ಈಗ ಅದು ಮುಚ್ಚುತ್ತಲೇ ಇಲ್ಲ!"

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ನನ್ನ ತಪ್ಪು ಹೊಳೆಯಿತು. ಅವನು ಕಾರಿನ ಬಗ್ಗೆ ಕೇಳಿದ್ದ, ನಾನು ಜೀಪನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೆ. ಹಳೆಯ ಜೀಪಿಗೂ ಲಾರಿಗೂ ಕೆಳಗೆ ಗಟ್ಟಿಯಾದ ಛಾಸಿ ಇರುತ್ತದೆ. ಎಲ್ಲ ಭಾರವನ್ನು ಹೊರುವುದು ಅದೇ. ಮೇಲಿನದು ಬಿಸಿಲು ಮಳೆಗೆ ಮರೆ, ಅಷ್ಟೆ. ಮಸ್ಟಾಂಗ್ ಹಾಗಲ್ಲ. ಅದಕ್ಕೆ ಬೇರೆ ಛಾಸಿಯೇ ಇಲ್ಲ. ನೆಲ, ಪಕ್ಕದ ತಗಡು, ಕಂಬಗಳು, ಟಾಪು ಎಲ್ಲವನ್ನೂ ಒಂದಕ್ಕೊಂದು ವೆಲ್ಡ್ ಮಾಡಿದ ಒಡಲೇ ಅದರ ಅಸ್ಥಿಪಂಜರ. ನಮ್ಮಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕೂಡ ಇದೇ ಜಾತಿಯದು.

ಮರುದಿನ ತರಗತಿಗೆ ಒಂದು ಬೂಟಿನ ಪೆಟ್ಟಿಗೆ ಒಯ್ದೆ. ಮಕ್ಕಳೇ, ನೀವೂ ಮನೆಯಲ್ಲಿ ಮಾಡಿ ನೋಡಿ. ಮುಚ್ಚಳ ತೆಗೆದ ಪೆಟ್ಟಿಗೆಯ ಎರಡು ತುದಿಗಳನ್ನು ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ವಿರುದ್ಧ ದಿಕ್ಕಿಗೆ ತಿರುಚಿ. ಸಲೀಸಾಗಿ ಸೊಟ್ಟಗಾಗುತ್ತದೆ. ಈಗ ಮುಚ್ಚಳವಿಟ್ಟು ಸುತ್ತಲೂ ಅಂಟುಪಟ್ಟಿ ಹಚ್ಚಿ ತಿರುಚಿ. ಜಗ್ಗುವುದಿಲ್ಲ. ಮುಚ್ಚಳಕ್ಕೆ ಬಳಸಿದ್ದು ಅದೇ ತೆಳು ರಟ್ಟು. ಆದರೆ ಅದು ನಾಲ್ಕು ಬದಿಗಳನ್ನೂ ಒಂದಕ್ಕೊಂದು ಬಂಧಿಸಿತು. ಪಕ್ಕಗಳಲ್ಲಿ ಕಿಟಕಿಗಳನ್ನು ಕತ್ತರಿಸಿದರೆ ಪೆಟ್ಟಿಗೆ ಸ್ವಲ್ಪ ಸಡಿಲವಾಗುತ್ತದೆ, ಆದರೂ ಮುಚ್ಚಳವಿಲ್ಲದ ಪೆಟ್ಟಿಗೆಯಷ್ಟಲ್ಲ. ಕಾರಿನ ಸ್ಥಿತಿಯೂ ಹೀಗೆಯೇ.

ತಿರುಚುವುದು ಒಂದಾದರೆ, ಬಾಗುವುದು ಇನ್ನೊಂದು. ಸ್ಕೇಲನ್ನು ಅಂಗಾತ ಮಲಗಿಸಿ ನಡುವೆ ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗದು. 30 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಸ್ಕೇಲಾದರೆ ಎರಡರ ನಡುವಿನ ವ್ಯತ್ಯಾಸ 100 ಪಟ್ಟು! ತೊಲೆಯ ಎತ್ತರ ಹೆಚ್ಚಿದಷ್ಟೂ ಅದು ಗಟ್ಟಿ. ಕಾರು ಕೂಡ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ನಿಂತ ಒಂದು ತೊಲೆ. ಟಾಪಿನಿಂದ ನೆಲದವರೆಗೆ ಅದರ ಎತ್ತರ. ಟಾಪು ತೆಗೆದರೆ ಉಳಿಯುವ ತೊಲೆ ಗಿಡ್ಡ. ಬಾಗಿಲಿನ ಜಾಗದಲ್ಲಂತೂ ಉಳಿಯುವುದು ಮುಖ್ಯವಾಗಿ ನೆಲ ಮತ್ತು ಹೊಸ್ತಿಲು. ನಡುಭಾಗ ಕುಸಿಯುತ್ತದೆ, ಬಾಗಿಲ ಚೌಕಟ್ಟಿನ ಮೇಲ್ತುದಿಗಳು ಹತ್ತಿರ ಬರುತ್ತವೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ನನ್ನ ಶಿಷ್ಯನಿಗೆ ಆದದ್ದು ಇದೇ.

ಹಾಗಾದರೆ ಕಂಪನಿಗಳು ತೆರೆದ ಕಾರುಗಳನ್ನು ಮಾಡುವುದು ಹೇಗೆ? 1964ರ ಏಪ್ರಿಲ್‌ನಲ್ಲಿ ಮಸ್ಟಾಂಗ್ ಮಾರುಕಟ್ಟೆಗೆ ಬಂದಾಗಲೇ ಗಟ್ಟಿ ಟಾಪಿನದು, ತೆರೆದದ್ದು ಎರಡೂ ಇದ್ದವು. ತೆರೆದ ಮಾದರಿಯ ಹೊಸ್ತಿಲಿಗೆ ದಪ್ಪನೆಯ ಉಕ್ಕು ಹಾಕಿ, ನೆಲದ ಅಡಿಯಲ್ಲಿ ಹೆಚ್ಚಿನ ಬಲವರ್ಧನೆ ಕೊಟ್ಟಿದ್ದರು. ಹಾಗಾಗಿ ಉಕ್ಕಿನ ಟಾಪು ಇಲ್ಲದ ಕಾರೇ 70 ಕಿಲೋಗ್ರಾಂಗೂ ಹೆಚ್ಚು ಭಾರ! ಜರ್ಮನಿಯ ಕಾರ್ಮನ್ ಸಂಸ್ಥೆ 1949ರಿಂದ 1980ರವರೆಗೆ ತಯಾರಿಸಿದ ತೆರೆದ ಫೋಕ್ಸ್‌ವ್ಯಾಗನ್ ಬೀಟಲ್ ಕೂಡ ಇಂಥದೇ ಬಲವರ್ಧನೆಯಿಂದಾಗಿ ಮುಚ್ಚಿದ ಬೀಟಲ್‌ಗಿಂತ ಭಾರವಾಗಿತ್ತು. "ಭಾರ ಕಡಿಮೆಯಾಗುತ್ತದೆ" ಎಂದಿದ್ದ ನನ್ನ ಮಾತು ಅಲ್ಲಿಗೆ ತಲೆಕೆಳಗಾಯಿತು.

ಹೊಸ್ತಿಲು ಎಂದರೆ ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ, ಒಳಗೆ ಪೊಳ್ಳಾದ ಉಕ್ಕಿನ ಕೊಳವೆ. ಪೊಳ್ಳಾದರೂ ಅದರ ಗಟ್ಟಿತನ ಅಪಾರ, ಆದರೆ ಅದು ಪೂರ್ತಿ ಮುಚ್ಚಿರಬೇಕು. 50 ಮಿಲಿಮೀಟರ್ ವ್ಯಾಸದ, 1 ಮಿಲಿಮೀಟರ್ ದಪ್ಪದ ಕೊಳವೆಯನ್ನು ಉದ್ದಕ್ಕೆ ಸೀಳಿದರೆ, ತಿರುಚುವ ಬಲದೆದುರು ಅದರ ದೃಢತೆ 1800 ಪಟ್ಟಿಗಿಂತಲೂ ಕಡಿಮೆಯಾಗುತ್ತದೆ. ಹಳೆಯ ಕಾರಿನ ಹೊಸ್ತಿಲಿಗೆ ತುಕ್ಕು ಹಿಡಿದು ಅಂಚು ಬಿಟ್ಟುಕೊಂಡರೆ ಅದೂ ಸೀಳಿದ ಕೊಳವೆಯೇ. ನಮ್ಮವನ ಕಾರಿನದು ಅಂಥದೇ ಹೊಸ್ತಿಲು. ಹೊರಗೆ ಹೊಳೆಯುವ ಬಣ್ಣ, ಒಳಗೆ ತುಕ್ಕಿನ ಪುಡಿ.

ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಕಾರನ್ನು ಸಮತಟ್ಟಾದ ನೆಲದ ಮೇಲೆ ಆಧಾರ ಕೊಟ್ಟು ನಿಲ್ಲಿಸಬೇಕು. ಒಡಲಿನ ಕರ್ಣಗಳನ್ನು ಅಳೆದು ಮರ ಬಿದ್ದಾಗ ಸೊಟ್ಟಗಾಗಿದೆಯೇ ನೋಡಬೇಕು. ಹೊಸ್ತಿಲನ್ನು ಸರಿಪಡಿಸಿ ಬಲಪಡಿಸಬೇಕು. ಬಾಗಿಲ ಚೌಕಟ್ಟುಗಳಿಗೆ ತಾತ್ಕಾಲಿಕವಾಗಿ ಉಕ್ಕಿನ ಪಟ್ಟಿಗಳನ್ನು ವೆಲ್ಡ್ ಮಾಡಬೇಕು. ಗರಗಸ ಮುಟ್ಟುವುದು ಇಷ್ಟೆಲ್ಲ ಆದ ಮೇಲೆ. ನಮ್ಮವನು ಗರಗಸದಿಂದಲೇ ಶುರು ಮಾಡಿದ್ದ, ನನ್ನ ಮಾತು ನಂಬಿ.

ಕಾರು ಪಲ್ಟಿ ಹೊಡೆದರೆ ತಲೆಯನ್ನು ಕಾಯುವುದೂ ಟಾಪೇ. ಬಾಗಿಲು ಮುಚ್ಚದೆ ಹೋದದ್ದು ಒಳ್ಳೆಯದೇ ಆಯಿತು. ಮುಚ್ಚಿದ್ದರೆ ಅವನು ಹೆಂಡತಿ ಮಗುವನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತಿದ್ದ. ಅದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲೆ ಅವನು ಹಳೆಯ ಕಾರುಗಳ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬರ ಬಳಿಗೆ ಕಾರನ್ನು ಒಯ್ದ. ಜಾಕ್ ಇಟ್ಟು ನಡುಭಾಗವನ್ನು ಕೂದಲೆಳೆಯಷ್ಟಷ್ಟೇ ಎತ್ತಿ, ಬಾಗಿಲ ಸಂದು ಸಮವಾದ ಮೇಲೆ ಹೊಸ ಹೊಸ್ತಿಲು ಕೂರಿಸಿದರು. ಗುಜರಿಯ ಕಾರಿನದೊಂದು ಒಳ್ಳೆಯ ಟಾಪು ತಂದು ಬೆಸೆದಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು ಎಂದು ಆ ಮೆಕ್ಯಾನಿಕ್ ಹೇಳಿದರಂತೆ. ಬಾಗಿಲು ಈಗ ಮುಚ್ಚುತ್ತದೆ. ಉಳಿದ ಕೆಲಸ ಇನ್ನೂ ನಡೆದಿದೆ.

ತಂದೆತಾಯಿಗಳಿಗೆ ಒಂದು ಮಾತು. ಮಗ ಕಾರಿನ ಟಾಪು ಕತ್ತರಿಸುತ್ತೇನೆ ಎಂದರೆ ನಮ್ಮ ದೇಶದಲ್ಲಿ ಕಾನೂನೂ ಅಡ್ಡ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಆದರೆ ಅವನು "ಏಕೆ ಕತ್ತರಿಸಬಾರದು?" ಎಂದು ಕೇಳಿದಾಗ ಕಾನೂನು ಹೇಳಿ ಬಾಯಿ ಮುಚ್ಚಿಸಬೇಡಿ. ಬೂಟಿನ ಪೆಟ್ಟಿಗೆ ಕೈಗೆ ಕೊಡಿ.

ನಾನೂ ಆ ದಿನ ಉತ್ತರ ಹೇಳುವ ಮೊದಲು ಅಟ್ಟದ ಮೇಲಿದ್ದ ಆ ಪೆಟ್ಟಿಗೆಯನ್ನು ಇಳಿಸಬೇಕಿತ್ತು.