ಬೆಸ್ಟ್ ಯಾವ್ದು ಅಂತ ಕೇಳ್ಬೇಡಿ

ಮೊನ್ನೆ ಕ್ಯಾಬ್‌ನಲ್ಲಿ ಗೆಳೆಯನೊಬ್ಬ ನನ್ನ ಇಯರ್‌ಫೋನ್ ಕಿತ್ಕೊಂಡು ಐದು ನಿಮಿಷ ಕೇಳಿದ. ಆಮೇಲೆ, 'ಗುರೂ, ಈ ಗ್ರೇಟ್‌ಫುಲ್ ಡೆಡ್ ಬ್ಯಾಂಡಿಂದು ಬೆಸ್ಟ್ ಅನ್ನೋ ಒಂದು ಲೈವ್ ರೆಕಾರ್ಡಿಂಗ್ ಹೇಳು, ವೀಕೆಂಡಲ್ಲಿ ಕೇಳಿ ಮುಗಿಸಿಬಿಡ್ತೀನಿ' ಅಂದ. 'ಮುಗಿಸಿಬಿಡ್ತೀನಿ' ಅನ್ನೋ ಮಾತಿಗೆ ಮೈ ಉರೀತು. ಹಾಡೇನು ಜಿರಾ ಟಿಕೆಟ್ಟಾ, ಕ್ಲೋಸ್ ಮಾಡೋಕೆ?

ಕ್ಯಾಲಿಫೋರ್ನಿಯಾದ ಈ ರಾಕ್ ಬ್ಯಾಂಡ್ 1965ರಲ್ಲಿ ಶುರುವಾಗಿ, ಗಿಟಾರಿಸ್ಟ್ ಜೆರ್ರಿ ಗಾರ್ಸಿಯಾ ತೀರಿಕೊಂಡ 1995ರವರೆಗೆ ಸುಮಾರು 2,300 ಕಛೇರಿ ಕೊಟ್ಟಿತು. ಬಹುಪಾಲಿನ ಟೇಪು ಉಳಿದಿದೆ. ಯಾವ ರಾತ್ರಿಯೂ ಹಿಂದಿನ ರಾತ್ರಿಯ ನಕಲಲ್ಲ. 'ಡಾರ್ಕ್ ಸ್ಟಾರ್' ತಗೊಳ್ಳಿ. 1968ರಲ್ಲಿ ಸಿಂಗಲ್ ಆಗಿ ಬಂದಾಗ ಅದು ಮೂರು ನಿಮಿಷವೂ ಇರಲಿಲ್ಲ. ಮರುವರ್ಷದ 'ಲೈವ್/ಡೆಡ್' ಆಲ್ಬಮ್ಮಿನಲ್ಲಿ 23 ನಿಮಿಷ. 1972ರ ಆಗಸ್ಟ್ 27ರ ಸುಡುಬಿಸಿಲಿನ ದಿನ, ಆರೆಗಾನ್‌ನ ವೆನೀಟಾದಲ್ಲಿ ಅರ್ಧ ಗಂಟೆ ದಾಟಿತು. ಇದರಲ್ಲಿ ಒರಿಜಿನಲ್ ಯಾವುದು?

ತಾಳಮದ್ದಳೆ ಕೇಳಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಪದ್ಯ ಅದೇ, ಅರ್ಥ ಪ್ರತಿ ರಾತ್ರಿ ಬೇರೆ. ಎದುರಿನವ ಹೊಸ ಪ್ರಶ್ನೆ ಎಸೆದರೆ ಕರ್ಣನ ಉತ್ತರವೂ ಹೊಸದು. 'ಬೆಸ್ಟ್ ಕರ್ಣಪರ್ವ ಒಂದು ಕೊಡಿ, ಉಳಿದದ್ದು ಬೇಡ' ಅಂತ ಯಾರಾದ್ರೂ ಕೇಳ್ತಾರಾ?

ಗ್ರೇಟ್‌ಫುಲ್ ಡೆಡ್ ವಿಷಯದಲ್ಲಿ ಮಾತ್ರ ಎಲ್ಲರೂ ಕೇಳ್ತಾರೆ. ಪಟ್ಟಿ ಮಾಡುವವರು ಮೊದಲು ತೋರಿಸೋದು 1977ರ ಮೇ 8ರ ಕಛೇರಿ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದದ್ದು. ನನಗೂ ಅದು ಇಷ್ಟವೇ. 'ಸ್ಕಾರ್ಲೆಟ್ ಬೆಗೋನಿಯಾಸ್' ಮುಗಿಯದೆ ಹಾಗೇ 'ಫೈರ್ ಆನ್ ದ ಮೌಂಟನ್' ಒಳಗೆ ಕರಗೋದನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಆದ್ರೆ ಅದು ಪ್ರಸಿದ್ಧವಾಗಿದ್ದು ವಾದನದಿಂದ ಮಾತ್ರ ಅಲ್ಲ. ಮುದ್ರಿಸಿದವರು ಬೆಟ್ಟಿ ಕ್ಯಾಂಟರ್-ಜಾಕ್ಸನ್. ಒಂದೊಂದು ವಾದ್ಯವೂ ಸ್ಪಷ್ಟವಾಗಿ ಕೇಳುವ ಟೇಪು ಅವರದ್ದು. ಬಾಡಿಗೆ ಬಾಕಿ ಬಿದ್ದು, ಗೋದಾಮಿನಲ್ಲಿದ್ದ ಅವರ ಟೇಪುಗಳ ದೊಡ್ಡ ರಾಶಿ 1986ರಲ್ಲಿ ಹರಾಜಾಯ್ತು. ಅಲ್ಲಿಂದ ಪ್ರತಿಗಳಾಗಿ ಅಭಿಮಾನಿಗಳ ಕೈಗೆ ಹರಡಿತು. ಅಂದ್ರೆ 'ಬೆಸ್ಟ್' ಅನ್ನೋದರಲ್ಲಿ ಒಳ್ಳೆ ಮೈಕು, ಒಳ್ಳೆ ಟೇಪು, ಕೈಗೆ ಸಿಕ್ಕ ಪ್ರತಿಗಳ ಪಾಲೂ ಇದೆ. ದಿನವಿಡೀ ಡೇಟಾ ಜೊತೆ ಗುದ್ದಾಡೋ ನಮಗೆ ಸ್ಯಾಂಪಲ್ ಬಯಾಸ್ ಅರ್ಥ ಆಗಲ್ವಾ?

'ಸರಿ ಮಾರಾಯ, ಆದ್ರೆ ಎರಡು ಸಾವಿರ ಕಛೇರಿ ಕೇಳೋಕೆ ಟೈಮ್ ಎಲ್ಲಿದೆ?' ನ್ಯಾಯವಾದ ಪ್ರಶ್ನೆ. ಎಲ್ಲಾ ಕೇಳಿ ಅಂತ ನಾನೂ ಹೇಳ್ತಿಲ್ಲ. ಎಷ್ಟೋ ರಾತ್ರಿಗಳು ನೀರಸ, ಒಪ್ಕೋತೀನಿ. ಗಾರ್ಸಿಯಾ ಸಾಲು ಮರೀತಾನೆ. ಹಾಡುಗಳ ನಡುವೆ ಶ್ರುತಿ ಮಾಡ್ಕೊಳ್ಳೋದೇ ಮುಗಿಯಲ್ಲ. ಒಂದು ಜಾಮ್ ಎಲ್ಲಿಗೂ ತಲುಪದೆ ಸಾಯತ್ತೆ. ಆದ್ರೆ ಸೋಲೋ ಸಾಧ್ಯತೆಯೇ ಗೊತ್ತಿಲ್ಲದವನಿಗೆ ಗೆದ್ದ ರಾತ್ರಿಯ ರೋಮಾಂಚನ ಎಲ್ಲಿಂದ ಬರ್ಬೇಕು? ಪಟ್ಟಿ ಹಿಡ್ಕೊಂಡು ಹೋದವನಿಗೆ ರಿಸಲ್ಟ್ ಸಿಗತ್ತೆ, ಹುಡುಕಾಟ ಸಿಗಲ್ಲ.

ಅದೇ 1986ರಲ್ಲಿ ಗಾರ್ಸಿಯಾ ಡಯಾಬಿಟಿಸ್‌ನಿಂದ ಕೋಮಾಕ್ಕೆ ಜಾರಿದ. ಎದ್ದ ಮೇಲೆ ಗಿಟಾರ್ ನುಡಿಸೋದನ್ನೇ ಮತ್ತೆ ಕಲೀಬೇಕಾಯ್ತು. ಡಿಸೆಂಬರ್ 15ರಂದು ಓಕ್ಲೆಂಡ್‌ನಲ್ಲಿ ಬ್ಯಾಂಡ್ ಮತ್ತೆ ವೇದಿಕೆ ಹತ್ತಿದಾಗ ಮೊದಲು ನುಡಿಸಿದ್ದು 'ಟಚ್ ಆಫ್ ಗ್ರೇ', ಬದುಕಿ ಉಳಿಯೋದರ ಬಗ್ಗೆಯೇ ಇರೋ ಹಾಡು. ಆ ಟೇಪಿಗೆ ಎಷ್ಟು ಸ್ಟಾರ್ ಕೊಡ್ತೀರಿ? ಕೊಡೋಕಾಗುತ್ತಾ?

ಇನ್ನು ಟೇಪ್ ಮಾಡಿದವರನ್ನ ನೋಡಿ. 1984ರ ಅಕ್ಟೋಬರಿನಿಂದ ಬ್ಯಾಂಡ್ ಅವರಿಗಂತಲೇ ಸಭೆಯಲ್ಲಿ ಪ್ರತ್ಯೇಕ ಜಾಗ ಕೊಟ್ಟಿತು. ಅಲ್ಲಿ ಮೈಕ್ ಕಂಬಗಳದ್ದೇ ಕಾಡು. ಮುಖ್ಯ ಷರತ್ತು ಒಂದೇ: ಹಂಚ್ಕೊಳ್ಳಿ, ಮಾರ್ಬೇಡಿ. ರೆಕಾರ್ಡ್ ಬಟನ್ ಒತ್ತುವಾಗ ಅವರ್ಯಾರಿಗೂ ಆ ರಾತ್ರಿ ಅದ್ಭುತವಾಗತ್ತೋ ಹಾಳಾಗತ್ತೋ ಗೊತ್ತಿರ್ಲಿಲ್ಲ. ಗೊತ್ತಿಲ್ಲದೇನೇ ಒತ್ತಿದ್ರು. ನಾವೋ, ನಾಲ್ಕೂವರೆ ಸ್ಟಾರ್ ಕಾಣದೆ ದೋಸೇನೂ ತಿನ್ನಲ್ಲ. ಬೇರೆಯವರು ರುಚಿ ನೋಡಿ ಹೇಳಿದ್ದನ್ನಷ್ಟೇ ತಿಂದೂ ತಿಂದೂ, ಸ್ವಂತ ನಾಲಿಗೆ ಅನ್ನೋದು ಇದೆಯಾ ಅಂತಾನೇ ಮರ್ತೋಗಿದೆ.

ಗೆಳೆಯನಿಗೆ ನಾನು ಬೆಸ್ಟ್ ಹೇಳ್ಲಿಲ್ಲ. 'ಯಾವ್ದಾದ್ರೂ ಒಂದು ತಾರೀಕು ಆರಿಸ್ಕೋ. ಆ ರಾತ್ರಿಯ ಕಛೇರಿ ಪೂರ್ತಿ ಕೇಳು. ಶ್ರುತಿ ಮಾಡ್ಕೊಳ್ಳೋದನ್ನೂ ಸ್ಕಿಪ್ ಮಾಡ್ಬೇಡ' ಅಂದೆ.

'ಬೋರ್ ಆದ್ರೆ?'

'ಆಗ್ಲಿ. ಮಾರನೇ ದಿನ ಇನ್ನೊಂದು ರಾತ್ರಿ ಕೇಳು.'