ಹಾಸ್ಟೆಲ್ ರೂಮಲ್ಲಿ ಆ ಮಾತ್ರೆ ಡಬ್ಬಿ ಎಲ್ಲಿಡೋದು? (ಭಾಗ 3)

ಹೋದ ಪೋಸ್ಟಲ್ಲಿ ಎಚ್‌ಐವಿ ಹೇಗೆ ಹರಡುತ್ತೆ, ಹೇಗೆ ಹರಡಲ್ಲ ಅಂತ ಬರೆದಿದ್ದೆ. ಅದಾದ್ಮೇಲೆ ಬಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಜಾಸ್ತಿ: "ಆ ಮಾತ್ರೆಗೆ ಸೈಡ್ ಎಫೆಕ್ಟ್ ತುಂಬಾ ಅಂತೆ, ಹೌದಾ?" ಸರಿ, ಇವತ್ತು ಅದೇ.

ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಈಗ ದೊಡ್ಡವರಿಗೆ ಸಾಮಾನ್ಯವಾಗಿ ಮೊದಲು ಕೊಡೋದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿಸಿದ ಒಂದು ಮಾತ್ರೆ. ದಿನಕ್ಕೊಂದು, ಉಚಿತ. ವೈರಸ್ಸನ್ನ ಪೂರ್ತಿ ಓಡಿಸಲ್ಲ, ಹೆಚ್ಚಾಗದ ಹಾಗೆ ಕಟ್ಟಿಹಾಕುತ್ತೆ. ಅದಕ್ಕೇ ಜೀವನಪೂರ್ತಿ ತಗೋಬೇಕು.

ಸೈಡ್ ಎಫೆಕ್ಟ್ ಇಲ್ಲ ಅಂತ ನಾನು ಹೇಳಲ್ಲ. ಶುರುವಿನಲ್ಲಿ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ದೆ ಬರದೇ ಇರೋದು. ಕೆಲವರಿಗೆ ತೂಕ ಏರುತ್ತೆ. ಟೆನೊಫೊವಿರ್‌ನಿಂದ ಕಿಡ್ನಿಗೆ, ಮೂಳೆಗೆ ತೊಂದರೆ ಆಗ್ಬೋದು, ಅದಕ್ಕೇ ರಕ್ತಪರೀಕ್ಷೆ ಮಾಡಿಸ್ತಾರೆ. ಅಸಿಡಿಟಿ ಮಾತ್ರೆ, ಐರನ್, ಕ್ಯಾಲ್ಸಿಯಂ ತಗೊಳ್ಳೋರು ಎಷ್ಟು ಗಂಟೆ ಅಂತರ ಬಿಡಬೇಕು ಅಂತ ಡಾಕ್ಟರನ್ನ ಕೇಳ್ಲೇಬೇಕು, ಇಲ್ಲಾಂದ್ರೆ ಡೊಲುಟೆಗ್ರಾವಿರ್ ದೇಹಕ್ಕೆ ಸರಿಯಾಗಿ ಸೇರಲ್ಲ. ಇದಕ್ಕೂ ಮುಂಚೆ ಎಫಾವಿರೆಂಜ್ ಇರೋ ಮಾತ್ರೆ ಇತ್ತು. ತಲೆಸುತ್ತು, ವಿಚಿತ್ರ ಕನಸು, ಹಾಗಾಗಿ ಮಲಗೋವಾಗ ನುಂಗಿ ಅಂತಿದ್ರು. ಎಕ್ಸಾಂ ದಿನ ಬೆಳಿಗ್ಗೆ ಆ ಮಂಪರಲ್ಲೇ ಎದ್ದು ಹಾಲ್ ಟಿಕೆಟ್ ಹುಡುಕೋದನ್ನ ಊಹಿಸ್ಕೊಳ್ಳಿ. ಅದಕ್ಕೆ ಹೋಲಿಸಿದ್ರೆ ಈಗಿನದು ಎಷ್ಟೋ ವಾಸಿ.

(ಬಿಕಾಂ ಬುದ್ಧಿ, ರೇಟ್ ಹೇಳದೆ ಬಿಡಲ್ಲ: ವರ್ಷಕ್ಕೆ 10 ಸಾವಿರ ಡಾಲರ್ ದಾಟಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನ 2001ರಲ್ಲಿ ನಮ್ಮ ಸಿಪ್ಲಾ 350 ಡಾಲರ್‌ಗೆ ಕೊಡ್ತೀವಿ ಅಂತು.)

ಆದ್ರೆ ನನ್ನ ತಲೆ ತಿಂತಿರೋದು ಬೇರೆ. ಉಚಿತ ಎಆರ್‌ಟಿ ಶುರುವಾಗಿದ್ದು 2004ರ ಏಪ್ರಿಲ್ 1ಕ್ಕೆ. ಹೆಚ್ಚುಕಮ್ಮಿ ನಾವು ಹುಟ್ಟಿದ ಹೊತ್ತು. ಆಗ ತಾಯಿಯಿಂದ ಎಚ್‌ಐವಿ ಬಂದ ಮಕ್ಕಳಲ್ಲಿ ಔಷಧಿ ಸಿಕ್ಕಿ ಬೆಳೆದವರು ಈಗ ನಮ್ಮ ವಯಸ್ಸಿನವರು. ನಮ್ಮ ಪಕ್ಕದ ಬೆಂಚಲ್ಲೇ ಇರ್ಬೋದು. ಒಂದು ರೂಮಲ್ಲಿ ನಾಲ್ಕು ಜನ, ಬೀಗ ಇಲ್ಲದ ಒಂದು ಕಬೋರ್ಡು. "ಏನ್ ಮಗಾ ಅದು, ದಿನಾ ನುಂಗ್ತೀಯ?" ಅಂತ ಡಬ್ಬಿ ಎತ್ತಿ ಲೇಬಲ್ ಓದೋರು ನಾವೇ. ಯಾರಾದ್ರೂ ಸಣ್ಣ ಆದ್ರೆ ಗ್ರೂಪಲ್ಲಿ "ಏಡ್ಸಾ?" ಅಂತ ನಗೋರೂ ನಾವೇ. ಅದನ್ನ ನೋಡಿದವರು ಟ್ರಿಪ್‌ಗೆ ಬಂದಾಗ ಡಬ್ಬಿ ತರ್ತಾರಾ? ಮಾತ್ರೆ ಪದೇಪದೇ ತಪ್ಪಿದ್ರೆ ವೈರಸ್ ಮತ್ತೆ ಏರುತ್ತೆ, ಔಷಧಿಗೇ ಬಗ್ಗದ ಹಾಗೆ ಬದಲಾಗ್ಬೋದು.

ಸರಿಯಾಗಿ ತಗೊಂಡು ರಕ್ತದಲ್ಲಿ ವೈರಸ್ ಪತ್ತೆ ಆಗದಷ್ಟು ಕಮ್ಮಿ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಅದು ಹರಡಲ್ಲ. ಇನ್ನು ರೂಮ್ ಹಂಚ್ಕೊಂಡ್ರೆ ಯಾವ ಭಯ? 2017ರ ಎಚ್‌ಐವಿ ಕಾಯ್ದೆ ಪ್ರಕಾರ ಕಾಲೇಜಲ್ಲಿ ಭೇದ ಮಾಡೋ ಹಾಗಿಲ್ಲ, ಸ್ಟೇಟಸ್ ಹೇಳು ಅಂತ ಒತ್ತಾಯ ಮಾಡೋ ಹಾಗೂ ಇಲ್ಲ.

ಹಾಸ್ಟೆಲ್ ಕಮಿಟಿಗೆ ನಾನು ಕೇಳೋದು ಇಷ್ಟೇ: ಪ್ರತಿಯೊಬ್ರಿಗೂ ಬೀಗ ಇರೋ ಒಂದು ಲಾಕರ್. ಕಾರಣ ಕೇಳದೆ. ಬಿಪಿ, ಥೈರಾಯ್ಡ್, ಡಿಪ್ರೆಶನ್ ಮಾತ್ರೆ ಇರೋರಿಗೂ ಅದು ಬೇಕು. ಫಂಕ್ಷನ್ ಸ್ಟೇಜಿಗೆ ದುಡ್ಡು ಸಿಗುತ್ತೆ, ಇದಕ್ಕೂ ಸಿಗ್ಬೇಕು.

ಏನಾದ್ರೂ ಕೇಳ್ಬೇಕಾದ್ರೆ 1097, ಫ್ರೀ ಕಾಲ್. ಮುಂದಿನ ಭಾಗ ಟೆಸ್ಟ್ ಬಗ್ಗೆ.