ಕುರುಕ್ಷೇತ್ರ ನಾಟಕವನ್ನು ‘ಒಪೆರಾ’ ಎನ್ನಬಹುದೇ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳ ಕುರುಕ್ಷೇತ್ರ ನಾಟಕದ ತುಣುಕುಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತವೆ. ಮೀಸೆ ತಿರುವಿ ಹಾಡುವ ದುರ್ಯೋಧನನನ್ನು ಕಂಡು ‘ಇದು ನಮ್ಮ ಒಪೆರಾ’ ಎಂದು ಫಾರ್ವರ್ಡ್ ಮಾಡುವವರಿದ್ದಾರೆ. ಹೆಮ್ಮೆ ಸರಿ. ಹೆಸರು ಸರಿಯೇ? ನಾವು ಬಿಡಿಸಿ ನೋಡಿದೆವು.

ಒಪೆರಾ ಹುಟ್ಟಿದ್ದು 1600ರ ಆಸುಪಾಸಿನಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ. ಅಲ್ಲಿ ಕಥೆ ನಡೆಸುವುದೇ ಸಂಗೀತ. ‘ಬಾಗಿಲು ತೆಗೆ’ ಎನ್ನುವುದನ್ನೂ ಸಾಮಾನ್ಯವಾಗಿ ಹಾಡಿಯೇ ಹೇಳುತ್ತಾರೆ. ಮ್ಯೂಸಿಕಲ್‌ನಲ್ಲಿ ಮಾತು, ಹಾಡು, ಕುಣಿತ ಬೆರೆತಿರುತ್ತವೆ. ಆದರೆ ‘ಮಾತಿದ್ದರೆ ಮ್ಯೂಸಿಕಲ್’ ಎಂಬ ಸುಲಭ ಸೂತ್ರ ಕೈಕೊಡುತ್ತದೆ. ಮೊಜಾರ್ಟ್‌ನ 1791ರ ಒಪೆರಾ ‘ದಿ ಮ್ಯಾಜಿಕ್ ಫ್ಲೂಟ್’ನಲ್ಲಿ ಮಾತಿದೆ, ‘ಲೆ ಮಿಸರಾಬ್ಲ್’ ಮ್ಯೂಸಿಕಲ್ ಆದರೂ ಬಹುತೇಕ ಹಾಡೇ.

ಹೆಚ್ಚು ನಂಬಬಹುದಾದ ಗುರುತು ಗಂಟಲಿನದು. ಒಪೆರಾ ಗಾಯಕರ ದನಿ ಸಾಮಾನ್ಯವಾಗಿ ಮೈಕ್ ಇಲ್ಲದೆಯೇ ದೊಡ್ಡ ಆರ್ಕೆಸ್ಟ್ರಾವನ್ನು ಮೀರಿ ಕೇಳಿಸಬೇಕು. ಅದು ಬರೀ ಕೂಗಾಟವಲ್ಲ. ಪಳಗಿದ ದನಿಯಲ್ಲಿ, ಅದರಲ್ಲೂ ಗಂಡಸರ ದನಿಯಲ್ಲಿ, ಸುಮಾರು 3,000 ಹರ್ಟ್ಸ್ ಬಳಿ ಶಕ್ತಿ ಒಟ್ಟುಗೂಡುತ್ತದೆ. ಅಲ್ಲಿ ಆರ್ಕೆಸ್ಟ್ರಾದ ಸದ್ದು ಕಡಿಮೆ, ನಮ್ಮ ಕಿವಿ ಚುರುಕು. ಮ್ಯೂಸಿಕಲ್ ನಟರಿಗೆ ಈಗ ಮೈಕ್ ಇರುವುದರಿಂದ ಮಾತಿನ ಧಾಟಿಯಲ್ಲೇ ಹಾಡಬಹುದು.

ನಮ್ಮೂರಿಗೆ ಬರೋಣ. ಕುರುಕ್ಷೇತ್ರದಲ್ಲಿ ಉದ್ದುದ್ದ ಸಂಭಾಷಣೆ, ನಡುನಡುವೆ ಕಂದಪದ್ಯ, ಹಾಡು. ಜೊತೆಗೆ ಹಾರ್ಮೋನಿಯಂ, ತಬಲಾ, ರಂಗದ ಮೇಲೆ ಮೈಕ್. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ವೃತ್ತಿ ಮಂಡಳಿಗಳು ಜನಪ್ರಿಯಗೊಳಿಸಿದ ದಾರಿ ಇದು. ಪಾತ್ರ ಮಾಡುವವರು ಹೆಚ್ಚಾಗಿ ಊರಿನವರೇ. ಹಾರ್ಮೋನಿಯಂ ಮೇಷ್ಟ್ರ ಬಳಿ ವಾರಗಟ್ಟಲೆ ಕಲಿತು, ಖರ್ಚನ್ನೂ ಎಷ್ಟೋ ಸಲ ತಾವೇ ಹಾಕಿಕೊಳ್ಳುತ್ತಾರೆ. (ಒಂದೇ ರಾತ್ರಿ ಇಬ್ಬರು ಮೂವರು ದುರ್ಯೋಧನರು ಬರುವುದೂ ಉಂಟು!) ಹೋಲಿಸಲೇಬೇಕೆಂದರೆ ಇದು ಮ್ಯೂಸಿಕಲ್‌ಗೆ ಹತ್ತಿರ. ಯಕ್ಷಗಾನ ಎರಡಕ್ಕೂ ಒಗ್ಗದು: ಅಲ್ಲಿ ಹಾಡುವವರು ಭಾಗವತರು, ಕುಣಿದು ಮಾತಾಡುವವರು ವೇಷಧಾರಿಗಳು. ಕನ್ನಡದ ಒಪೆರಾ ಬೇಕೆಂದರೆ ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’ ನೋಡಬೇಕು, ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದಿದ್ದರು.

ಹೆಸರಿನಲ್ಲೇನಿದೆ ಎನ್ನಬಹುದು. ನಮಗೆ ಕಂಡಂತೆ, ‘ಒಪೆರಾ’ ಹಣೆಪಟ್ಟಿಯು ಗಂಟಲು ಹರಿಯುವಂತೆ ಹಾಡಿದರೇ ಗತ್ತು ಎಂಬ ತಪ್ಪು ನಂಬಿಕೆಗೆ ಬಲ ಕೊಡುತ್ತದೆ. ಆ ಗಾಯಕರ ಹಿಂದೆ ವರ್ಷಗಟ್ಟಲೆಯ ಉಸಿರಿನ ಅಭ್ಯಾಸವಿದೆ. ಎದುರಿಗೆ ಮೈಕ್ ಇರುವಾಗ ಬೆಳಗಿನವರೆಗೆ ಅರಚುವ ಅಗತ್ಯವಿಲ್ಲ. ನಾಟಕದ ಮರುದಿನ ದನಿ ಒಡೆದಿದ್ದರೆ ಗಂಟಲಿಗೆ ವಿಶ್ರಾಂತಿ ಕೊಡಿ, ನೀರು ಕುಡಿಯಿರಿ. ಮೂರು ವಾರವಾದರೂ ಸರಿಹೋಗದಿದ್ದರೆ ಶುಂಠಿ-ಜೇನಿನ ಫಾರ್ವರ್ಡ್ ನಂಬಿ ಕೂರದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ.